ಮೆತ್ತನೆಯ ಗುಂಡುಗಳು

ಶನಿವಾರ ಬೆಳಿಗ್ಗೆ ನಳಿನಿ ಗ್ಯಾರೇಜಿನಲ್ಲಿ ಟಾರ್ಚ್ ಹುಡುಕುತ್ತಿದ್ದಳು. ವಾಟರ್ ಹೀಟರಿನ ಹಿಂದೆ ಎಲ್ಲೋ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು, ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ. ಬೆಂಚಿನ ಮೇಲಿನ ಮೊಳೆಯಲ್ಲಿ ಯಾವಾಗಲೂ ನೇತಾಡುವ ಟಾರ್ಚ್ ಅಲ್ಲಿರಲಿಲ್ಲ.

“ರೀ, ಟಾರ್ಚ್ ಎಲ್ಲಿ?”

ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದ ಗಂಡ ಸತ್ಯಪ್ರಕಾಶ, “ನನ್ನ ಕಾರಲ್ಲಿದೆ ನೋಡು. ಬುಧವಾರ ಟೈರ್ ಪಂಕ್ಚರ್ ಆಯ್ತಲ್ಲ, ಆವಾಗ ತಗೊಂಡಿದ್ದೆ. ಅಲ್ಲೇ ಉಳ್ಕೊಂಡಿದೆ” ಎಂದ.

ನಳಿನಿ ಕಾರಿನ ಕಡೆ ಒಂದು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ಬುಧವಾರದಿಂದ ಟಾರ್ಚ್ ಕಾರಿನಲ್ಲಿದೆ. ಅವಳು ಗೆಳತಿ ಜಯಕ್ಕನ ರೈಫಲಿಗಾಗಿ ತೋಟಾ ತುಂಬಿದ್ದು ಗುರುವಾರ ಸಂಜೆ. ಹಾಗಿದ್ದರೆ ಗುರುವಾರ ಸಂಜೆ ತೋಟಾಗಳ ಒಳಗೆ ಏನು ಹಿಡಿದು ನೋಡಿದೆ? ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಯಾಕೆಂದರೆ ನೋಡಿಯೇ ಇರಲಿಲ್ಲ.

ನಳಿನಿಗೆ ಐವತ್ತು ದಾಟಿತ್ತು. ಟೆಕ್ಸಸ್‌ನ ಟೇಲರ್ ಎಂಬ ಊರಿನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ಮೈಸೂರಿನಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿದ್ದಳು. ಪರೇಡಿನ ದಿನ ಹಳೆಯ ಪಾಯಿಂಟ್ ತ್ರೀ ನಾಟ್ ತ್ರೀ ರೈಫಲನ್ನು ಹೆಗಲಿಗೇರಿಸಿಕೊಂಡು ಬಿಸಿಲಲ್ಲಿ ನಿಲ್ಲಬೇಕಿತ್ತು. ಗುಂಡು ಹಾರಿಸುವ ದಿನ ಮಾತ್ರ ಅದು ಹುಡುಗರ ಪಾಲಿಗೆ, ಹುಡುಗಿಯರಿಗೆ ಚಿಕ್ಕ ಪಾಯಿಂಟ್ ಟೂ ಟೂ. “ದೊಡ್ಡದು ಒದೆಯುತ್ತಮ್ಮ, ನಿಮಗಾಗಲ್ಲ” ಎಂದಿದ್ದರು ಹವಾಲ್ದಾರರು. ಆ ಮಾತು ಅವಳಿಗೆ ಮರೆತೇ ಇರಲಿಲ್ಲ. ಪ್ಲೇನೋ ಊರಿನಲ್ಲಿದ್ದ ಕಾಲದಲ್ಲಿ ಒಮ್ಮೆ ಡ್ಯಾಲಸ್‌ನ ಬಂದೂಕಿನ ಸಂತೆಗೆ, ಗನ್ ಶೋಗೆ, ಹೋದಾಗ, ಅದೇ ರೈಫಲುಗಳು ಒಂದು ಮೇಜಿನ ಮೇಲೆ ಸಾಲಾಗಿ ಮಲಗಿದ್ದವು. ಇಷಾಪುರದ ಕಾರ್ಖಾನೆಯ ಮುದ್ರೆ ಹೊತ್ತ, ಇಂಡಿಯಾದ ಸೈನ್ಯ ಎಂದೋ ಮೂಲೆಗೆ ಹಾಕಿದ್ದ ರೈಫಲುಗಳು ಹೇಗೋ ಹಡಗು ಹತ್ತಿ ಟೆಕ್ಸಸ್‌ಗೆ ಬಂದಿದ್ದವು. ನಳಿನಿ ಒಂದನ್ನು ಕೈಗೆತ್ತಿಕೊಂಡು, “ಇದೇ ರೀ, ಇದೇ ನಾನು ಹೇಳ್ತಿದ್ದದ್ದು” ಎಂದು ಗಂಡನಿಗೆ ತೋರಿಸುತ್ತಿದ್ದಾಗ ಪಕ್ಕದಿಂದ ಯಾರೋ ಕನ್ನಡದಲ್ಲೇ ಹೇಳಿದ್ದರು:

“ಅದನ್ನ ತಗೋಬ್ಯಾಡವಾ. ಅದರ ನಳಿಗಿ ತುಕ್ಕು ತಿಂದೈತಿ. ಆ ಕಡೀದು ಚಲೋ ಐತಿ ನೋಡು.”

ಅವರೇ ಜಯದೇವಿ, ನಳಿನಿಯ ಬಾಯಲ್ಲಿ ಜಯಕ್ಕ. ಬೆಳಗಾವಿಯವರು. ತಂದೆ ಅಲ್ಲಿನ ದಂಡಿನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು. ಈಕೆ ಪ್ಲೇನೋದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಫಾರ್ಮಸಿಸ್ಟ್ ಆಗಿದ್ದು ಹೋದ ವರ್ಷ ನಿವೃತ್ತರಾಗಿದ್ದರು. ಆ ದಿನ ಇಬ್ಬರೂ ಒಂದೊಂದು ರೈಫಲ್ ಕೊಂಡರು. ಅಲ್ಲಿಂದ ಶುರುವಾದ ಸ್ನೇಹ, ನಳಿನಿ ಈಗಿನ ಊರಾದ ಫ್ಲೂಗರ್‌ವಿಲ್‌ಗೆ ಶಿಫ್ಟ್ ಆದ ಮೇಲೂ ಸಡಿಲಾಗಿರಲಿಲ್ಲ. ತಿಂಗಳಿಗೊಮ್ಮೆ ಎಲ್ಲಾದರೂ ಹಳೆಯ ಸೈನಿಕ ರೈಫಲುಗಳ ಸ್ಪರ್ಧೆ ಇದ್ದರೆ ಇಬ್ಬರೂ ಹಾಜರ್.

ಆ ರೈಫಲಿಗೆ ಅಂಗಡಿಯಲ್ಲಿ ತೋಟಾ ಸಿಗುವುದೇ ಅಪರೂಪ. ಹಾಗಾಗಿ ನಳಿನಿ ಗ್ಯಾರೇಜಿನಲ್ಲಿ ಒಂದು ಕಾರು ನಿಲ್ಲುವಷ್ಟು ಜಾಗವನ್ನು ಬೆಂಚಿಗೆ ಬಿಟ್ಟುಕೊಂಡು ತಾನೇ ತುಂಬುವುದನ್ನು ಕಲಿತಳು. ಒಮ್ಮೆ ಹಾರಿಸಿದ ಹಿತ್ತಾಳೆಯ ಕೇಸನ್ನು ತೊಳೆದು, ತಳಕ್ಕೆ ಏಟು ಬಿದ್ದರೆ ಕಿಡಿ ಕಾರುವ ಹೊಸ ಕಿಡಿಬಿಲ್ಲೆ ಒತ್ತಿ, ಮದ್ದು ಸುರಿದು, ಬಾಯಿಗೆ ಗುಂಡು ಕೂರಿಸಿದರೆ ಮತ್ತೆ ತೋಟಾ ಆಗುತ್ತದೆ. ತನಗೆ ಅವಳು ಬಳಸುತ್ತಿದ್ದದ್ದು ತಾಮ್ರದ ಕವಚವಿರುವ, ಕೊಂಡು ತಂದ ಗುಂಡು. ಅದಕ್ಕೆ ಕೇಸಿನ ತುಂಬ ಮದ್ದು ಬೇಕು, ಹಾರಿಸಿದಾಗ ಭುಜಕ್ಕೆ ಸರಿಯಾಗಿ ಒದೆಯುತ್ತದೆ. ಆ ಒದೆ ಅವಳಿಗೆ ಇಷ್ಟ. ಆದರೆ ಕಳೆದ ಚಳಿಗಾಲದಲ್ಲಿ ಜಯಕ್ಕನ ಬಲಭುಜಕ್ಕೆ ಆಪರೇಷನ್ ಆಯಿತು. ಡಾಕ್ಟರು ರೈಫಲ್ ಮುಟ್ಟಬೇಡಿ ಎಂದರು. ಜಯಕ್ಕ ಮಾತು ಕಡಿಮೆ ಮಾಡಿ, ಟಿವಿ ಮುಂದೆ ಕೂತುಬಿಟ್ಟರು. ನಳಿನಿ ಆಗ ಅಚ್ಚು ತರಿಸಿ, ಹಿತ್ತಲಲ್ಲಿ ಸೀಸ ಕರಗಿಸಿ, ಎರಕದ ಗುಂಡು ಹೊಯ್ಯುವುದಕ್ಕೆ ಶುರುಮಾಡಿದಳು. ಬರಿ ಸೀಸದ ಗುಂಡು ಹೆಚ್ಚು ವೇಗ ತಾಳದು. ಬೇರೆ ಬಗೆಯ, ಬೇಗ ಉರಿಯುವ ಮದ್ದು ಸ್ವಲ್ಪವೇ ಸಾಕು. ಭುಜಕ್ಕೆ ಯಾರೋ ಮೆಲ್ಲಗೆ ತಟ್ಟಿದ ಹಾಗಿರುತ್ತದೆ, ಅಷ್ಟೆ. ಮೊದಲ ಸಲ ಹಾರಿಸಿದ ದಿನ ಜಯಕ್ಕ ರೈಫಲ್ ಕೆಳಗಿಟ್ಟು, “ಇದು ಬಾಣಂತಿ ಗುಂಡವಾ” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಅಪಾಯ ಇರುವುದೂ ಆ ಮೆತ್ತನೆಯ ಗುಂಡಿನಲ್ಲೇ. ಕವಚದ ಗುಂಡಿನ ಕೇಸಿಗೆ ತಪ್ಪಿ ಎರಡು ಸಲ ಮದ್ದು ಬಿದ್ದರೆ ತುಂಬಿ ಹೊರಗೆ ಚೆಲ್ಲುತ್ತದೆ, ಕಣ್ಣಿಗೆ ಬಿದ್ದೇ ಬೀಳುತ್ತದೆ. ಎರಕದ ಗುಂಡಿನ ಚೂರು ಮದ್ದು ಉದ್ದನೆಯ ಕೇಸಿನ ತಳದಲ್ಲಿ ಅಡಗಿ ಕೂರುತ್ತದೆ. ಎರಡು ಸಲ ಬಿದ್ದರೂ ಮೇಲಿನಿಂದ ನೋಡಿದವರಿಗೆ ಕತ್ತಲೆಯೇ. ಹಾರಿಸಿದರೆ ಮಾತ್ರ ರೈಫಲ್ ತಡೆದುಕೊಳ್ಳುವುದಿಲ್ಲ, ಹಾರಿಸುವವರ ಕೆನ್ನೆಯ ಪಕ್ಕದಲ್ಲೇ ಸಿಡಿಯುತ್ತದೆ. ಅದಕ್ಕೇ ಗುಂಡು ಕೂರಿಸುವ ಮುಂಚೆ ಪ್ರತಿ ಕೇಸಿನೊಳಕ್ಕೂ ಟಾರ್ಚ್ ಬಿಟ್ಟು ನೋಡುವುದು ನಳಿನಿಯ ರೂಢಿ.

ಗುರುವಾರ ಆ ರೂಢಿ ತಪ್ಪಿತ್ತು. ಮರದ ತಟ್ಟೆಯಲ್ಲಿ ಕೇಸುಗಳನ್ನು ಬೋರಲು ನಿಲ್ಲಿಸಿ, ಒಂದೊಂದನ್ನೇ ಎತ್ತಿ ಮದ್ದಿನ ಯಂತ್ರದ ಕೆಳಗೆ ಹಿಡಿದು ಲಿವರ್ ಎಳೆದು, ಬಾಯಿ ಮೇಲಾಗಿ ಮತ್ತೆ ತಟ್ಟೆಗೆ ಇಡುತ್ತಿದ್ದಳು. ಬೋರಲಿದ್ದರೆ ಖಾಲಿ, ನೆಟ್ಟಗಿದ್ದರೆ ತುಂಬಿದ್ದು. ಅರ್ಧ ತಟ್ಟೆ ಆಗಿದ್ದಾಗ ಸತ್ಯಪ್ರಕಾಶ ಬಾಗಿಲಲ್ಲಿ ಬಂದು ನಿಂತಿದ್ದ.

“ನಳಿನಿ, ಹ್ಯೂಸ್ಟನ್ ಕೆಲಸ ಆಯ್ತು.”

“ಆಯ್ತು ಅಂದ್ರೆ?”

“ಒಪ್ಕೊಂಡೆ. ಮುಂದಿನ ತಿಂಗಳು ಜಾಯಿನ್ ಆಗ್ಬೇಕು. ಮನೆಯಿಂದ ಮಾಡೋ ಹಾಗಿಲ್ಲ, ಆಫೀಸಿಗೇ ಹೋಗ್ಬೇಕು.”

“ನನ್ನ ಕೇಳ್ದೆ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

ಹಿಂದೆ ಒಮ್ಮೆ ಹ್ಯೂಸ್ಟನ್, ಆಮೇಲೆ ಪ್ಲೇನೋ, ಆಮೇಲೆ ಇಲ್ಲಿ. ಅವನ ಕಾಂಟ್ರ್ಯಾಕ್ಟ್ ಹೋದ ಕಡೆಯೆಲ್ಲ ಅವಳು ಡಬ್ಬ ಕಟ್ಟಿಕೊಂಡು ಹೋಗಿದ್ದಳು. ಪ್ರತಿ ಊರಿನಲ್ಲೂ ಹೊಸದಾಗಿ ಕೆಲಸ ಹುಡುಕಿದ್ದಳು. ಟೇಲರ್‌ನಲ್ಲಿ ಮೊದಲ ಸಲ ತನಗೆ ಒಪ್ಪುವ ಕೆಲಸ ಸಿಕ್ಕಿತ್ತು. ಅವನೋ ಕೆಲಸ ಹೋಗಿ ತಿಂಗಳುಗಟ್ಟಲೆ ಮನೆಯಲ್ಲಿ ಕೂತು ನವೆದುಹೋಗಿದ್ದ. ಇಬ್ಬರದೂ ನ್ಯಾಯವೇ. ಆದ್ದರಿಂದ ಜಗಳ ಜೋರಾಗಿಯೇ ಆಯಿತು. ಅವಳು ಎದ್ದು ಒಳಗೆ ಹೋಗಿ ಅವನೆದುರು ನಿಂತು ಮಾತಾಡಿದಳು, ಅವನೂ ಮಾತಾಡಿದ. ಅದೇ ಸಿಟ್ಟಿನಲ್ಲಿ ವಾಪಸು ಬಂದು ಬೆಂಚಿಗೆ ಕೂತಳು. ಬೇಗ ಬೇಗ ಲಿವರ್ ಎಳೆದಳು, ಬೇಗ ಬೇಗ ಗುಂಡು ಕೂರಿಸಿದಳು. ಶುಕ್ರವಾರ ಸಂಜೆ ಜಯಕ್ಕ ಪ್ಲೇನೋದಿಂದ ಬಂದು, ಅಕ್ಕಿರೊಟ್ಟಿ ತಿಂದು, ತೋಟಾ ಡಬ್ಬಿ ತೆಗೆದುಕೊಂಡು, ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿರುವ ಮಗಳು ಅಪೇಕ್ಷಾಳ ಮನೆಗೆ ಹೊರಟುಹೋಗಿದ್ದರು. ಈ ಸಲದ ಸ್ಪರ್ಧೆ ಕೇಟಿಯಿಂದ ಮುಂದೆ, ಸೀಲಿ ಎಂಬ ಊರಿನಾಚೆ. ಇವತ್ತೇ, ಹತ್ತು ಗಂಟೆಗೆ. ಗಂಡನ ಮೇಲಿನ ಕೋಪಕ್ಕೆ ನಳಿನಿ ತಾನು ಬರುವುದಿಲ್ಲ ಎಂದಿದ್ದಳು.

ಈಗ ಅವಳು ಗ್ಯಾರೇಜಿನ ನಡುವೆ ನಿಂತು ಫೋನ್ ಒತ್ತುತ್ತಿದ್ದಳು. ಜಯಕ್ಕ ಎತ್ತಲಿಲ್ಲ. ಎತ್ತುವುದೂ ಇಲ್ಲ, ಸ್ಪರ್ಧೆಯ ದಿನ ಅವರು ಫೋನನ್ನು ಕಾರಿನಲ್ಲೇ ಬಿಡುತ್ತಾರೆ. ಅಪೇಕ್ಷಾ ಮೂರನೆಯ ಸಲಕ್ಕೆ ಎತ್ತಿದಳು. ಹಿಂದೆ ಮಗು ಅಳುತ್ತಿತ್ತು.

“ಅಮ್ಮ ಆಗ್ಲೇ ಹೋದ್ರು ಆಂಟಿ. ಬ್ರೇಕ್‌ಫಾಸ್ಟ್ ಕೂಡ ಮಾಡಿಲ್ಲ. ಏನಾಯ್ತು?”

“ನೀನು ಅಲ್ಲಿಗೆ ಹೋಗಕ್ಕಾಗುತ್ತಾ?”

“ನಮ್ಮ ಕಾರ್ ನಮ್ಮನೆಯವ್ರ ಹತ್ರ ಇದೆ. ಇವ್ರು ಊರಲ್ಲಿಲ್ಲ. ಆಂಟಿ, ಏನಾಯ್ತು ಹೇಳಿ, ಪ್ಲೀಸ್.”

ನಳಿನಿ ಹೇಳಿದಳು. “ಊಬರ್ ಸಿಗುತ್ತಾ ನೋಡ್ತೀನಿ” ಎಂದು ಅಪೇಕ್ಷಾ ಇಟ್ಟಳು.

ಸ್ಪರ್ಧೆ ನಡೆಸುವ ಕ್ಲಬ್ಬಿನ ನಂಬರಿಗೆ ಮಾಡಿದರೆ ರೆಕಾರ್ಡ್ ಮಾಡಿದ ದನಿ, ಗುಂಡು ಹಾರಿಸುವ ರೇಂಜ್ ತೆರೆಯುವ ಸಮಯ ಹೇಳಿ ಸುಮ್ಮನಾಯಿತು. ಸತ್ಯಪ್ರಕಾಶ ಕಾಫಿ ಲೋಟ ಹಿಡಿದುಕೊಂಡು ಬಂದವನು ಅವಳ ಮುಖ ನೋಡಿ ಲೋಟವನ್ನು ಬೆಂಚಿನ ಮೇಲಿಟ್ಟ. ಅವಳು ಎರಡೇ ಮಾತಿನಲ್ಲಿ ಹೇಳಿದಳು. ಅವನು ಕೀ ತರಲು ಒಳಗೆ ಓಡಿದ. ಅವಳು ತಕ್ಕಡಿಯನ್ನೂ, ತೋಟಾ ಬಿಚ್ಚುವ ಪ್ಲಾಸ್ಟಿಕ್ ಸುತ್ತಿಗೆಯನ್ನೂ ಒಂದು ಚೀಲಕ್ಕೆ ಹಾಕಿಕೊಂಡಳು. ಹೊರಟಾಗ ಎಂಟು ಗಂಟೆ. ಸೀಲಿಗೆ ಎರಡು ಗಂಟೆಯ ದಾರಿ.

ಟೋಲ್ ರಸ್ತೆ ಹಿಡಿದು ದಕ್ಷಿಣಕ್ಕೆ, ಅಲ್ಲಿಂದ ಎಪ್ಪತ್ತೊಂದನೇ ಹೆದ್ದಾರಿಯಲ್ಲಿ ಪೂರ್ವಕ್ಕೆ. ಸತ್ಯಪ್ರಕಾಶ ಎಂದೂ ವೇಗಮಿತಿ ದಾಟುವವನಲ್ಲ. ಇವತ್ತು ದಾಟಿದ. ನಳಿನಿ ಸೀಲಿ ಕಡೆಯ ಪೊಲೀಸರಿಗೆ, ಶೆರಿಫ್ ಆಫೀಸಿಗೆ, ಫೋನ್ ಮಾಡಿದಳು. ಅಲ್ಲಿನ ಹೆಂಗಸು ತಾಳ್ಮೆಯಿಂದ ಎಲ್ಲ ಕೇಳಿ, ಯಾರಿಗಾದರೂ ಗಾಯವಾಗಿದೆಯೇ ಎಂದಳು. ಇನ್ನೂ ಇಲ್ಲ. ಯಾರಾದರೂ ಯಾರಿಗಾದರೂ ಬೆದರಿಕೆ ಹಾಕಿದ್ದಾರೆಯೇ? ಇಲ್ಲ. ತೋಟಾದಲ್ಲಿ ದೋಷ ಇರುವುದು ಖಚಿತವೇ? ಖಚಿತವಿಲ್ಲ. ಹತ್ತಿರದಲ್ಲಿ ಯಾರಾದರೂ ಡೆಪ್ಯುಟಿ ಇದ್ದರೆ ಕಳಿಸುತ್ತೇನೆ, ಆದರೆ ಹೆದ್ದಾರಿಯಲ್ಲಿ ಆಕ್ಸಿಡೆಂಟ್ ಆಗಿದೆ, ಭರವಸೆ ಕೊಡಲಾರೆ ಎಂದಳು.

ನಳಿನಿ ಫೋನನ್ನು ತೊಡೆಯ ಮೇಲಿಟ್ಟಳು. ಮತ್ತೆ ಎತ್ತಿದಳು. ಜಯಕ್ಕನಿಗೆ ಮತ್ತೆ ಮಾಡಿದಳು. ಕಿಟಕಿ ಇಳಿಸಿದಳು, ಬಿಸಿಗಾಳಿ ಹೊಡೆಯಿತೆಂದು ಏರಿಸಿದಳು.

“ಖಾಲಿ ಇದ್ದದ್ದನ್ನ ಬೋರಲು ಇಡ್ತೀಯಲ್ಲ” ಎಂದ ಸತ್ಯಪ್ರಕಾಶ. “ಹಾಗಿದ್ಮೇಲೆ ತಪ್ಪೋದು ಹೇಗೆ?”

“ನೀವು ಬಂದಾಗ ನನ್ನ ಕೈಯಲ್ಲಿ ಒಂದಿತ್ತು. ಅದಕ್ಕೆ ಹಾಕಿದ್ನೋ ಇಲ್ವೋ ಗೊತ್ತಿಲ್ಲ. ಎದ್ದಾಗ ಎಲ್ಲಿಟ್ಟೆ ಅಂತಾನೂ ಗೊತ್ತಿಲ್ಲ.”

ಮುಂದಿದ್ದ ಕಾರೊಂದನ್ನು ದಾಟಿ ಅವನು, “ನಾನು ಆವಾಗ ಬಂದು ಹೇಳ್ಬಾರದಾಗಿತ್ತು” ಎಂದ.

“ನೀವು ಬಂದ್ರಿ ಸರಿ. ವಾಪಸ್ ಹೋಗಿ ಕೂತು ಲಿವರ್ ಎಳೆದಿದ್ದು ನಾನು ತಾನೆ? ಅಷ್ಟು ಸಿಟ್ಟಲ್ಲಿ ಆ ಕೆಲಸಕ್ಕೆ ಕೂರಬಾರದು ಅಂತ ನಂಗೆ ಗೊತ್ತಿರಲಿಲ್ವಾ?”

ಬಾಸ್ಟ್ರಾಪ್ ದಾಟಿತು. ಲಾ ಗ್ರೇಂಜ್ ಹತ್ತಿರ ರಸ್ತೆ ಕೆಲಸ ನಡೆಯುತ್ತಿದ್ದು ಒಂದೇ ಸಾಲು ತೆರೆದಿತ್ತು. ಆ ಸಾಲಿನಲ್ಲಿ ಅವರ ಮುಂದೆ ಒಂದು ಟ್ರಕ್ಕು ಕಾರ್ಖಾನೆಯಲ್ಲೇ ಕಟ್ಟಿದ ಮನೆಯೊಂದರ ಅರ್ಧವನ್ನು ಹೊತ್ತು ಸಾಗುತ್ತಿತ್ತು. ಗೋಡೆ ಇಲ್ಲದ ಕಡೆಗೆ ಹೊದೆಸಿದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ಅದರ ಹಿಂದೆ ತೆವಳಿದರು. ನಳಿನಿ ಸೀಟಿನ ಮುಂದಕ್ಕೆ ಜರುಗಿ ಕೂತು, ಬಾಗಿಲ ಹಿಡಿಯನ್ನು ಹಿಡಿದು ಬಿಟ್ಟು ಮಾಡತೊಡಗಿದಳು. ಇಳಿದು ನಡೆದರೆ ಬೇಗ ಹೋಗಬಹುದು ಅನ್ನಿಸುತ್ತಿತ್ತು. ಜಯಕ್ಕ ಹೇಗೆ ಗುರಿ ಹಿಡಿಯುತ್ತಾರೆ ಅನ್ನುವುದು ಕಣ್ಣ ಮುಂದೆ ಬರುತ್ತಿತ್ತು. ಕನ್ನಡಕ ತೆಗೆದು ಬೇರೆಯದು ಹಾಕಿಕೊಂಡು, ಮಗುವನ್ನು ಮಲಗಿಸುವವರ ಹಾಗೆ ಕೆನ್ನೆಯನ್ನು ರೈಫಲಿನ ಮರಕ್ಕೆ ಒತ್ತುತ್ತಾರೆ. ತೋಟಾ ಕೂರುವ ಜಾಗವನ್ನು ಮುಚ್ಚುವ ಬೋಲ್ಟ್ ಇರುವುದು ಆ ಕೆನ್ನೆಯ ಪಕ್ಕದಲ್ಲೇ. ಅಲ್ಲಿಗೆ ಯೋಚನೆ ನಿಲ್ಲಿಸಲು ನೋಡಿದಳು. ನಿಲ್ಲಲಿಲ್ಲ.

“ಹಾರ್ನ್ ಹೊಡೀರಿ.”

“ಹೊಡೆದ್ರೆ ಮನೆ ಪಕ್ಕಕ್ಕೆ ಹೋಗುತ್ತಾ ನಳಿನಿ?”

ಅವಳಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕೊನೆಗೆ ಟ್ರಕ್ಕು ಒಂದು ಹುಲ್ಲುಗಾವಲಿನ ದಾರಿಗೆ ತಿರುಗಿತು. ಹತ್ತು ಗಂಟೆ ಆಗಲೇ ಮೀರಿತ್ತು.

ಸೀಲಿ ದಾಟಿ ಜಲ್ಲಿಯ ದಾರಿಗೆ ಬಿದ್ದಾಗ ದೂರದಿಂದ ಢಂ, ಢಂ ಎಂದು ಕೇಳಿಸಿತು. ನಳಿನಿ ಸೀಟ್‌ಬೆಲ್ಟ್ ಬಿಚ್ಚಿದಳು. ಸದ್ದು ಬರುತ್ತಿದೆ ಅಂದರೆ ಸ್ಪರ್ಧೆ ನಡೆಯುತ್ತಿದೆ. ಏನಾದರೂ ಆಗಿದ್ದರೆ ನಿಂತಿರುತ್ತಿತ್ತು. ಅಥವಾ ಮುಂದಿನ ಸದ್ದೇ ಅದಾಗಬಹುದು. ಕಾರು ಪೂರ್ತಿ ನಿಲ್ಲುವ ಮುಂಚೆಯೇ ಅವಳು ಇಳಿದಳು.

ಮನೆಯಲ್ಲಿ ಹಾಕುವ ಚಪ್ಪಲಿಯಲ್ಲಿ, ಹಳೆಯ ಚೂಡಿದಾರದಲ್ಲಿ, ಜಲ್ಲಿಯ ಮೇಲೆ ಓಡಿದಳು. ಗುರಿ ಹಿಡಿದು ಸಾಲಾಗಿ ಬೋರಲು ಮಲಗಿದ್ದ ಹತ್ತಾರು ಬೆನ್ನುಗಳು, ಎಲ್ಲರ ಕಿವಿಗೂ ಮುಚ್ಚಳ. ಹೆಸರು ಹಿಡಿದು ಕರೆದರೆ ಯಾರಿಗೂ ಕೇಳುವುದಿಲ್ಲ. ಆದರೆ ಎಲ್ಲ ರೇಂಜಿಗೂ ಒಂದು ನಿಯಮ ಉಂಟು: ಅಪಾಯ ಕಂಡರೆ ಯಾರು ಬೇಕಾದರೂ ಕೂಗಬಹುದು, ಕೂಗಿದರೆ ಎಲ್ಲರೂ ನಿಲ್ಲಿಸಲೇಬೇಕು.

“ಸೀಸ್ ಫೈರ್!” ಎಂದು ನಳಿನಿ ಇದ್ದಬದ್ದ ಉಸಿರನ್ನೆಲ್ಲ ಹಾಕಿ ಕೂಗಿದಳು. “ಸೀಸ್ ಫೈರ್! ಸೀಸ್ ಫೈರ್!”

ಕೆಂಪು ಟೋಪಿಯ ರೇಂಜ್ ಅಧಿಕಾರಿ ತಿರುಗಿ ನೋಡಿ, ತಾನೂ ಅದನ್ನೇ ಕೂಗಿ ಕೈ ಎತ್ತಿದ. ಒಂದಾದ ಮೇಲೊಂದು ರೈಫಲುಗಳ ಬೋಲ್ಟ್ ತೆರೆದುಕೊಂಡವು. ಗಾಳಿಯ ಸದ್ದು ಬಿಟ್ಟರೆ ಎಲ್ಲ ನಿಶ್ಶಬ್ದ. ಮಲಗಿದ್ದವರು ಒಬ್ಬೊಬ್ಬರಾಗಿ ತಲೆ ತಿರುಗಿಸಿ ನೋಡಿದರು. ನಳಿನಿ ಆ ಮುಖಗಳಲ್ಲಿ ಹುಡುಕಿದಳು. ಜಯಕ್ಕ ಇರಲಿಲ್ಲ.

“ಏನವಾ ನಳಿನಿ, ಯಾಕ್ ಹಿಂಗ ಒದರಾಕತ್ತಿ?”

ದನಿ ಹಿಂದಿನಿಂದ ಬಂತು. ತಗಡಿನ ಚಪ್ಪರದ ಕೆಳಗೆ, ಮೇಜಿನ ಮೇಲೆ ರೈಫಲ್ ಮಲಗಿಸಿಕೊಂಡು, ಕೈಯಲ್ಲಿ ಹಿತ್ತಾಳೆಯ ಉದ್ದ ಸಲಾಕೆ ಹಿಡಿದು ಜಯದೇವಿ ನಿಂತಿದ್ದರು. ನಳಿನಿ ಹೋಗಿ ಅವರ ಎರಡೂ ತೋಳು ಹಿಡಿದುಕೊಂಡಳು.

“ಅಲ್ಲವಾ, ಬರೂದಿಲ್ಲ ಅಂದಿದ್ದಿ. ಮಾರಿ ಯಾಕ್ ಹಿಂಗಾಗೈತಿ? ಮನ್ಯಾಗ ಎಲ್ಲಾ ಸುದ್ದ ಅದಾರಲ್ಲ?”

“ತೋಟಾ... ಎಷ್ಟು ಹಾರಿಸಿದ್ರಿ?”

“ಮೊದಲ್ನೇ ಸುತ್ತು ಚಲೋ ಹೋತು. ಎರಡ್ನೇದ್ರಾಗ ಒಂದು ಠುಸ್ ಅಂತು. ಭುಜಕ್ಕ ಏನೂ ಬರ್ಲೇ ಇಲ್ಲ. ನಾ ಕೈ ಎತ್ತಿಬಿಟ್ಟೆ. ನೋಡಿದ್ರ ಬರೇ ಕಿಡಿಬಿಲ್ಲಿ ಏಟಿಗೆ ಗುಂಡು ಅರ್ಧಕ್ಕ ಹೋಗಿ ನಳಿಗ್ಯಾಗ ಕುಂತಿತ್ತು. ಮದ್ದು ಹಾಕೂದ ಮರ್ತಿ ನೋಡು ಒಂದಕ್ಕ” ಎಂದು ನಕ್ಕು ಸಲಾಕೆ ಎತ್ತಿ ತೋರಿಸಿದರು. “ಈಗ ಹೊರಗ ಬಂತು. ಮುಂದಿನ ಸುತ್ತಿಗೆ ನಾನೂ ಹೊಂಟೀನಿ.”

ನಳಿನಿಗೆ ಗುರುವಾರದ ಸಂಜೆ ತಟ್ಟನೆ ತಿಳಿದುಹೋಯಿತು. ಕೈಯಲ್ಲಿದ್ದ ಖಾಲಿ ಕೇಸನ್ನು ಏಳುವಾಗ ನೆಟ್ಟಗೆ ಇಟ್ಟಿದ್ದಾಳೆ. ವಾಪಸು ಬಂದಾಗ, ಕೈಯಲ್ಲಿದ್ದದ್ದು ಇದೇ ಎಂದುಕೊಂಡು ಪಕ್ಕದ್ದನ್ನು, ಆಗಲೇ ತುಂಬಿದ್ದನ್ನು, ಎತ್ತಿಕೊಂಡು ಅದಕ್ಕೇ ಮತ್ತೊಮ್ಮೆ ಮದ್ದು ಸುರಿದಿದ್ದಾಳೆ.

“ಬೇಡ ಜಯಕ್ಕ. ಆ ಡಬ್ಬಿ ಕೊಡಿ ಇಲ್ಲಿ. ಒಂದು ಖಾಲಿ ಇತ್ತು ಅಂದ್ರೆ ಎರಡು ಸಲ ತುಂಬಿದ್ದು ಒಂದು ಇರ್ಲೇಬೇಕು.”

ಜಯಕ್ಕನ ನಗು ಅರ್ಧಕ್ಕೆ ನಿಂತಿತು. “ಇರ್ಲಿಕ್ಕಿಲ್ಲ ಬಿಡವಾ” ಎಂದರು, ಆದರೆ ಡಬ್ಬಿಯನ್ನು ಮೇಜಿನ ಮೇಲೆ ತಳ್ಳಿದರು.

ಅರ್ಧಕ್ಕಿಂತ ಹೆಚ್ಚು ತೋಟಾ ಉಳಿದಿದ್ದವು. ಸತ್ಯಪ್ರಕಾಶ ಒಂದು ಮರದ ದಿಮ್ಮಿ ಎಳೆದುಕೊಂಡು ಕೂತ. ತೋಟಾವನ್ನು ಸುತ್ತಿಗೆಯ ತಲೆಗೆ ಸಿಕ್ಕಿಸಿ ದಿಮ್ಮಿಗೆ ಕುಟ್ಟಿದರೆ ಗುಂಡೂ ಮದ್ದೂ ಒಳಗಿನ ಬಟ್ಟಲಿಗೆ ಕಳಚಿ ಬೀಳುತ್ತವೆ. ಎಂದೂ ಹೆಂಡತಿಯ ಬೆಂಚಿನ ಕೆಲಸ ಮುಟ್ಟದವನು ಅವಳು ತೋರಿಸಿದ ಹಾಗೆ ಕುಟ್ಟಿ ಕುಟ್ಟಿ ಕೊಡುತ್ತ ಹೋದ. ಅವಳು ಮದ್ದನ್ನು ತಕ್ಕಡಿಗೆ ಸುರಿದು ನೋಡುತ್ತ ಹೋದಳು. ಸರಿ ಇದೆ. ಇದೂ ಸರಿ ಇದೆ. ಆ ಕಡೆ ಸ್ಪರ್ಧೆ ಮತ್ತೆ ಶುರುವಾಗಿ ಢಂ ಢಂ ಸದ್ದು ಬರುತ್ತಿತ್ತು. ಡಬ್ಬಿಯ ಮೊದಲ ಸಾಲು ಮುಗಿಯಿತು. ಜಯಕ್ಕ ಎಲ್ಲರಿಗೂ ನೀರಿನ ಬಾಟಲಿ ತಂದಿಟ್ಟರು. ಅಪೇಕ್ಷಾಳಿಗೆ ಫೋನ್ ಮಾಡಿ, “ಏನೂ ಆಗಿಲ್ಲ, ನೀ ಬರಬ್ಯಾಡ, ಕೂಸಿಗೆ ಹಾಲು ಕುಡಸು” ಎಂದರು.

ಇನ್ನೊಂದು ಸಾಲಿನ ನಡುವೆ ಎಲ್ಲೋ ಸತ್ಯಪ್ರಕಾಶ ಸುತ್ತಿಗೆಯ ಬಟ್ಟಲಿನೊಳಗೆ ಬಗ್ಗಿ ನೋಡಿದ.

“ನಳಿನಿ. ಇದರಲ್ಲಿ ಜಾಸ್ತಿ ಇರೋ ಹಾಗಿದೆ.”

ಅವಳು ಸುರಿದಳು. ಮದ್ದು ಬೀಳುವುದು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ, ಇನ್ನೂ ಬಿತ್ತು. ತಕ್ಕಡಿ ಸರಿಯಾಗಿ ಎರಡರಷ್ಟು ತೋರಿಸಿತು. ಅವಳು ತಟ್ಟೆ ಖಾಲಿ ಮಾಡಿ, ಒರೆಸಿ, ಮತ್ತೆ ತೂಗಿದಳು. ಅಷ್ಟೇ ಬಂತು.

ಜಯಕ್ಕ ಬಗ್ಗಿ ಆ ಕಪ್ಪು ರಾಶಿಯನ್ನು ನೋಡಿದರು. ಆಮೇಲೆ ಮೇಜಿನ ಮೇಲಿನ ತಮ್ಮ ರೈಫಲನ್ನು ನೋಡಿದರು. ಕೈ ತಾನಾಗಿ ಕೆನ್ನೆಗೆ ಹೋಯಿತು. ಕೆಂಪು ಟೋಪಿಯ ಮುದುಕ ಬಂದು ಇಣುಕಿ, ವಿಷಯ ತಿಳಿದು, ಟೋಪಿ ತೆಗೆದು, ಜಯಕ್ಕನ ಪಕ್ಕದ ಚಾಪೆಯಲ್ಲಿ ಹದಿನೇಳರ ಹುಡುಗಿಯೊಬ್ಬಳು ಮಲಗಿದ್ದಳು ಎಂದಷ್ಟೇ ಹೇಳಿ ಹೋದ. ಬೈಯಲಿಲ್ಲ. ಬೈದಿದ್ದರೆ ನಳಿನಿಗೆ ಹಗುರಾಗುತ್ತಿತ್ತು.

ಸಿಕ್ಕಿತಲ್ಲ ಸಾಕು ಎಂದು ಸತ್ಯಪ್ರಕಾಶ ಹೇಳಿದರೂ ಅವಳು ಕೇಳಲಿಲ್ಲ. ಉಳಿದ ಎಲ್ಲವನ್ನೂ ಬಿಚ್ಚಿಸಿದಳು. ಎಲ್ಲ ಸರಿಯಾಗಿದ್ದವು.

“ಜಯಕ್ಕ, ನನ್ನಿಂದ—”

“ಸುಮ್ನಿರು ಸ್ವಲ್ಪ.” ಜಯಕ್ಕ ಬೆಂಚಿನ ಮೇಲೆ ಕೂತು ನೀರು ಕುಡಿದರು. “ಫಾರ್ಮಸ್ಯಾಗ ಇದ್ದಾಗ ನನ್ನ ಕೈಯಾಗೂ ಒಮ್ಮೆ ಹಿಂಗ ಆಗೂದಿತ್ತು. ಇನ್ನೊಬ್ಬಾಕಿ ನೋಡಿ ಹಿಡದ್ಲು. ತಪ್ಪು ಯಾರ ಕೈಯಾಗಿಂದನೂ ಆಗತೈತಿ. ನಾ ನಿನ್ ಮ್ಯಾಲ ಸಿಟ್ಟಾಗಿಲ್ಲ ನೋಡು.” ಬಾಟಲಿಯ ಮುಚ್ಚಳ ತಿರುಗಿಸಿ, “ಆದರ ಇನ್ನ ಮ್ಯಾಲ ನೀ ತುಂಬಿದ್ದನ್ನ ನಾ ಹಾರಸಂಗಿಲ್ಲವಾ. ಹಾರಸಾಕ ನನಗ ಆಗಂಗಿಲ್ಲ. ಕಣ್ಣು ಮುಚ್ಚಿಬಿಡ್ತಾವ” ಎಂದರು.

ನಳಿನಿ ತಲೆ ಆಡಿಸಿದಳು. ಬಿಚ್ಚಿದ ಖಾಲಿ ಕೇಸುಗಳನ್ನು ಡಬ್ಬಿಗೆ ತುಂಬಿದಳು.

ವಾಪಸು ಬರುವಾಗ ಸತ್ಯಪ್ರಕಾಶ ನಿಧಾನವಾಗಿ ಓಡಿಸಿದ. ತುಂಬ ದೂರ ಬಂದ ಮೇಲೆ, “ಸೋಮವಾರ ಫೋನ್ ಮಾಡಿ ಹ್ಯೂಸ್ಟನ್ ಬೇಡ ಅಂತ ಹೇಳ್ಬಿಡ್ತೀನಿ” ಎಂದ.

“ಹೇಳ್ಬೇಡಿ.”

“ಅಲ್ಲ, ಇಷ್ಟೆಲ್ಲ ಆದ್ಮೇಲೆ—”

“ಇದಕ್ಕೂ ಅದಕ್ಕೂ ಗಂಟು ಹಾಕ್ಬೇಡಿ. ಇವತ್ತು ಹೆದರಿಕೆಯಲ್ಲಿ ಬೇಡ ಅಂತೀರ, ನಾಳೆ ಮನೇಲಿ ಕೂತು ನನ್ನ ಮುಖ ನೋಡಿದಾಗೆಲ್ಲ ಅದೇ ನೆನಪಾಗುತ್ತೆ. ನೀವು ಹೋಗಿ. ನಾನು ಬರಲ್ಲ. ಈ ಸಲ ಡಬ್ಬ ಕಟ್ಟಕ್ಕೆ ನನ್ನಿಂದ ಆಗಲ್ಲ.”

ಅವನು ರಸ್ತೆಯನ್ನೇ ನೋಡುತ್ತ, “ವಾರಾ ವಾರಾ ಬರ್ತೀನಿ” ಎಂದ. “ಬನ್ನಿ” ಎಂದಳು. ಅಷ್ಟು ಮಾತಿನಲ್ಲೇ ತೀರ್ಮಾನವಾಯಿತು. ಗುರುವಾರ ಅಷ್ಟು ಹೊತ್ತು ಕೂಗಾಡಿದರೂ ಆಗದಿದ್ದದ್ದು.

ಮುಂದಿನ ತಿಂಗಳು ಅವನು ಹ್ಯೂಸ್ಟನ್ನಿನಲ್ಲಿ ಒಂದು ರೂಮು ಹಿಡಿದು ಹೋದ. ಮನೆಯಲ್ಲಿ ನಳಿನಿ ಒಬ್ಬಳೇ. ಬೆಂಚಿನ ಮೇಲೆ ಹಳೆಯ ಬೆಡ್‌ಶೀಟ್ ಹೊದೆಸಿದಳು. ಕೆಲಸದಲ್ಲಿ ಒಂದು ಸಲ ನೋಡಿದ್ದನ್ನು ಮೂರು ಸಲ ನೋಡತೊಡಗಿದಳು. ಗ್ಯಾಸ್ ಆರಿಸಿದೆನೇ ಎಂದು ಅರ್ಧ ದಾರಿಯಿಂದ ಕಾರು ತಿರುಗಿಸಿದಳು. ಜಯಕ್ಕನಿಗೆ ಫೋನ್ ಮಾಡಲು ಎಷ್ಟೋ ಸಲ ಕೈ ಹೋಯಿತು. ಏನು ಮಾತಾಡುವುದು ಎಂದು ಬಿಟ್ಟಳು. ಅವರೂ ಮಾಡಲಿಲ್ಲ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಫೋನ್ ಬಂತು.

“ನಳಿನಿ, ನಾ ತೋಟಾ ತುಂಬೂ ಪ್ರೆಸ್ ತಗೊಂಡೀನಿ. ಅಚ್ಚು, ಸೀಸ ಎಲ್ಲಾ ಬಂದಾವು. ಸೀಸ ಹೊಯ್ದ್ರ ಗುಂಡು ಎಲ್ಲಾ ಮುದುಕೇರ ಮಾರಿ ಆಗಿ ಬರಾಕತ್ತಾವು. ಬರೇ ಸುಕ್ಕ. ಏನ್ ಮಾಡ್ಲಿ?”

“ಅಚ್ಚು ಇನ್ನೂ ತಣ್ಣಗಿದೆ ಜಯಕ್ಕ. ಅದು ಬಿಸಿ ಆಗೋವರೆಗೂ ಹಾಗೇ ಬರೋದು. ಸುಕ್ಕು ಬಂದಿದ್ದನ್ನ ಮತ್ತೆ ಪಾತ್ರೆಗೇ ಹಾಕಿ.”

“ಫೋನ್‌ನ್ಯಾಗ ಹೇಳಿದ್ರ ತಿಳ್ಯಂಗಿಲ್ಲ. ಬಂದ್ಹೋಗು. ನಾ ತುಂಬ್ತೀನಿ, ನೀ ನೋಡು. ಎರಡನೇ ಕಣ್ಣು ಒಂದು ಬೇಕು ನನಗ.”

ನಳಿನಿ ಶನಿವಾರ ಪ್ಲೇನೋಗೆ ಹೊರಟಳು. ಜಯಕ್ಕನ ಹಿತ್ತಲಲ್ಲಿ ಇಬ್ಬರೂ ಸೀಸ ಹೊಯ್ದರು. ಅಚ್ಚು ಕಾದ ಮೇಲೆ ಗುಂಡುಗಳು ನುಣ್ಣಗೆ, ಬೆಳ್ಳಗೆ ಬಂದು ಟವೆಲಿನ ಮೇಲೆ ಉದುರಿದವು. ಮದ್ದು ತುಂಬುವಾಗ ಜಯಕ್ಕ ಫೋನ್ ಆರಿಸಿ, ಬಾಗಿಲು ಹಾಕಿದರು. ಪ್ರತಿಯೊಂದನ್ನೂ ತಾವು ನೋಡಿ, ನಳಿನಿಗೆ ಕೊಟ್ಟರು. ಅವಳು ನೋಡಿ “ಹೂಂ” ಅಂದ ಮೇಲೆಯೇ ಕೆಳಗಿಟ್ಟರು. ಕುರ್ಚಿ ಇದ್ದರೂ ನಳಿನಿ ಕೂರಲಿಲ್ಲ. ಸತ್ಯಪ್ರಕಾಶ ಹೇಗಿದ್ದಾರೆ ಎಂದು ಜಯಕ್ಕ ಕೇಳಿದ್ದು ಎಲ್ಲ ಮುಗಿದು ಡಬ್ಬಿ ಮುಚ್ಚಿದ ಮೇಲೆಯೇ.

“ಚೆನ್ನಾಗಿದ್ದಾರೆ. ತಾವೇ ಅನ್ನ ಮಾಡ್ಕೋತಾರಂತೆ. ನನಗಿಂತ ಹೆಚ್ಚು ಫೋನಲ್ಲಿ ಮಾತಾಡ್ತಾರೆ ಈಗ.”

ಭಾನುವಾರ ಬೆಳಿಗ್ಗೆ ಡ್ಯಾಲಸ್ ಹೊರಗಿನ ಒಂದು ರೇಂಜಿಗೆ ಹೋದರು. ಜಯಕ್ಕ ಚಾಪೆ ಹಾಸಿ, ಕನ್ನಡಕ ಬದಲಿಸಿ, ರೈಫಲಿನ ಮರಕ್ಕೆ ಕೆನ್ನೆ ಒತ್ತಿದರು. ಅವರ ಹಿಂದೆ ನಿಂತಿರಬೇಕೆಂದುಕೊಂಡಿದ್ದ ನಳಿನಿಗೆ ನಿಲ್ಲಲಾಗಲಿಲ್ಲ. ಪಾರ್ಕಿಂಗ್ ಜಾಗದವರೆಗೆ ನಡೆದಳು, ತಿರುಗಿ ಬಂದಳು, ಮತ್ತೆ ನಡೆದಳು. ಎರಕದ ಗುಂಡಿನ ಸಣ್ಣ ಸದ್ದು ಉಳಿದವರ ದೊಡ್ಡ ಸದ್ದಿನ ನಡುವೆ ಬೇರೆಯಾಗಿಯೇ ಕೇಳುತ್ತಿತ್ತು. ಪ್ರತಿ ಸಲವೂ ಅವಳು ನಿಂತು, ಮುಂದಿನದು ಬರುವವರೆಗೆ ಉಸಿರು ಹಿಡಿಯುತ್ತಿದ್ದಳು.

ಸುತ್ತು ಮುಗಿಸಿ ಜಯಕ್ಕ ಭುಜ ತಿಕ್ಕಿಕೊಳ್ಳುತ್ತ ಬಂದರು. “ಎಲ್ಲಾ ಹೋದ್ವು. ಎರಡು ಗುರಿ ಬಿಟ್ಟು ಆಚೀಕ ಹೋದ್ವು ಖರೆ, ಆದ್ರ ಹೋದ್ವು” ಎಂದು ರೈಫಲನ್ನು ಅವಳ ಕಡೆ ಚಾಚಿದರು. “ನೀ ಹಾರಸ್ತಿ ಏನು? ನಾಕು ಉಳದಾವು.”

ನಳಿನಿ ರೈಫಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ನಳಿಗೆ ಇನ್ನೂ ಬೆಚ್ಚಗಿತ್ತು. ಬೋಲ್ಟ್ ತೆರೆದು ನೋಡಿ, ಮುಚ್ಚಿ, ಮತ್ತೆ ತೆರೆದಳು.

“ಇವತ್ತು ಬೇಡ ಜಯಕ್ಕ” ಎಂದು ಅವರ ಕೈಗೇ ವಾಪಸು ಕೊಟ್ಟಳು. “ಕೈ ಇನ್ನೂ ನೆಟ್ಟಗೆ ನಿಲ್ತಿಲ್ಲ.”

“ಆತು ಬಿಡು” ಎಂದು ಜಯಕ್ಕ ಉಳಿದ ನಾಲ್ಕನ್ನು ಹಾರಿಸಲು ಚಾಪೆಯ ಕಡೆ ನಡೆದರು. ಈ ಸಲ ನಳಿನಿ ಅವರ ಹಿಂದೆ ಹೋಗಿ ನಿಂತಳು.